ಕರ್ಬಲ್ ಪ್ರಶ್ನೋತ್ತರ: ಮೇಲಕ್ಕೆ ಹೋದರೆ ಸಾಲದು, ಅಡ್ಡಕ್ಕೂ ಓಡಬೇಕು

ಈ ಬಾರಿಯ ಪ್ರಶ್ನೆಗಳೆಲ್ಲ ಒಂದೇ ಆಟಕ್ಕೆ ಸಂಬಂಧಿಸಿದವು. ಮೆಕ್ಸಿಕೋ ನಗರದ ಸ್ಕ್ವಾಡ್ ಸಂಸ್ಥೆ 2011ರ ಜೂನ್‌ನಲ್ಲಿ ಮೊದಲ ಬಾರಿಗೆ ಹೊರತಂದು, 2015ರ ಏಪ್ರಿಲ್‌ನಲ್ಲಿ ಪೂರ್ಣ ರೂಪಕ್ಕೆ ತಂದ ‘ಕರ್ಬಲ್ ಸ್ಪೇಸ್ ಪ್ರೋಗ್ರಾಂ’ ಎಂಬ ಈ ಆಟದಲ್ಲಿ ಕೊಲ್ಲಬೇಕಾದ ಶತ್ರುಗಳಿಲ್ಲ. ಕರ್ಬಿನ್ ಎಂಬ ಗ್ರಹದ ‘ಕರ್ಬಲ್’ ಎಂಬ ಹಸಿರು ಬಣ್ಣದ ಪುಟಾಣಿ ಜೀವಿಗಳಿಗಾಗಿ ರಾಕೆಟ್ ಕಟ್ಟಬೇಕು, ಹಾರಿಸಬೇಕು, ಸಾಧ್ಯವಾದರೆ ಅವರನ್ನು ಜೀವಂತವಾಗಿ ಮನೆಗೆ ಕರೆತರಬೇಕು.

ಪ್ರಶ್ನೆ: ನನ್ನ ರಾಕೆಟ್ 200 ಕಿಲೋಮೀಟರ್ ಎತ್ತರಕ್ಕೆ ಹೋಗುತ್ತದೆ, ಆದರೆ ಪ್ರತಿ ಸಲವೂ ನೆಲಕ್ಕೆ ಮರಳಿ ಬೀಳುತ್ತದೆ. ಇಂಧನವನ್ನು ಇಮ್ಮಡಿ ಮಾಡಿದರೂ ಕಕ್ಷೆ ಸಿಗುತ್ತಿಲ್ಲ. ಏನು ತಪ್ಪು? (ಇಂಜಿನಿಯರಿಂಗ್ ವಿದ್ಯಾರ್ಥಿ, ಧಾರವಾಡ)

ತಪ್ಪಿರುವುದು ಇಂಧನದ ಪ್ರಮಾಣದಲ್ಲಿ ಅಲ್ಲ, ದಿಕ್ಕಿನಲ್ಲಿ. ನೇರವಾಗಿ ಮೇಲಕ್ಕೆ ಎಸೆದ ಕಲ್ಲು ಎಷ್ಟೇ ಎತ್ತರಕ್ಕೆ ಹೋದರೂ ಎಸೆದವನ ತಲೆಯ ಮೇಲೆಯೇ ಬೀಳುವಂತೆ, ನೆಟ್ಟಗೆ ಏರಿದ ರಾಕೆಟ್ಟೂ ಬೀಳುತ್ತದೆ. ಕಕ್ಷೆಯಲ್ಲಿರುವ ವಸ್ತು ಕೂಡ ಸದಾ ಬೀಳುತ್ತಲೇ ಇರುತ್ತದೆ, ಆದರೆ ಅದು ಎಷ್ಟು ವೇಗವಾಗಿ ಅಡ್ಡಕ್ಕೆ ಓಡುತ್ತಿರುತ್ತದೆಂದರೆ, ಅದು ಬೀಳುವಷ್ಟರಲ್ಲಿ ಕೆಳಗಿನ ನೆಲವೇ ಬಾಗಿ ದೂರ ಸರಿದಿರುತ್ತದೆ. ಕರ್ಬಿನ್‌ನ ವಾತಾವರಣ 70 ಕಿಲೋಮೀಟರ್‌ಗೆ ಮುಗಿಯುತ್ತದೆ. 80 ಕಿಲೋಮೀಟರ್ ಎತ್ತರದಲ್ಲಿ ನಿಲ್ಲಬೇಕಾದರೆ ಸೆಕೆಂಡಿಗೆ ಸುಮಾರು 2,280 ಮೀಟರ್ ಅಡ್ಡವೇಗ ಬೇಕು. ನೀವು ಎತ್ತರವನ್ನು ಧಾರಾಳವಾಗಿ ಗಳಿಸಿದ್ದೀರಿ, ಅಡ್ಡವೇಗವನ್ನು ಗಳಿಸಿಯೇ ಇಲ್ಲ.

ಹೀಗೆ ಮಾಡಿ ನೋಡಿ. ರಾಕೆಟ್ಟಿನ ವೇಗ ಸೆಕೆಂಡಿಗೆ 60ರಿಂದ 100 ಮೀಟರ್ ಆದ ಕೂಡಲೇ ಅದನ್ನು ಪೂರ್ವಕ್ಕೆ ಐದರಿಂದ ಹತ್ತು ಡಿಗ್ರಿಯಷ್ಟು ಮಾತ್ರ ವಾಲಿಸಿ, ಆಮೇಲೆ ಗುರುತ್ವವೇ ಅದನ್ನು ಮೆಲ್ಲನೆ ಬಾಗಿಸಲು ಬಿಡಿ. ಸುಮಾರು 10 ಕಿಲೋಮೀಟರ್ ಎತ್ತರದಲ್ಲಿ 45 ಡಿಗ್ರಿ ವಾಲಿದ್ದರೆ ದಾರಿ ಸರಿಯಾಗಿದೆ ಎಂದು ತಿಳಿಯಿರಿ. ನಕ್ಷೆಯಲ್ಲಿ ದೂರಬಿಂದು, ಅಂದರೆ ನಿಮ್ಮ ದಾರಿಯ ಅತಿ ಎತ್ತರದ ಜಾಗ, 80 ಕಿಲೋಮೀಟರ್ ತೋರಿಸಿದಾಗ ಎಂಜಿನ್ ಆರಿಸಿ, ಸುಮ್ಮನೆ ತೇಲಿಕೊಂಡು ಹೋಗಿ, ಆ ಬಿಂದು ಹತ್ತಿರವಾದಾಗ ಮೂತಿಯನ್ನು ಕ್ಷಿತಿಜಕ್ಕೆ ಸಮನಾಗಿಟ್ಟು ಮತ್ತೆ ಉರಿಸಿ. ಒಟ್ಟು ಸೆಕೆಂಡಿಗೆ 3,400 ಮೀಟರ್‌ನಷ್ಟು ಡೆಲ್ಟಾ-ವಿ, ಅಂದರೆ ವೇಗವನ್ನು ಬದಲಿಸುವ ಸಾಮರ್ಥ್ಯ, ಇದ್ದರೆ ಕಕ್ಷೆಗೆ ಸಾಕು. ಇಂಧನ ಇಮ್ಮಡಿ ಮಾಡಿದಾಗ ಆ ಇಂಧನವನ್ನು ಹೊರುವ ಭಾರವೂ ಹೆಚ್ಚುತ್ತದೆ ಎಂಬುದನ್ನು ಮರೆಯಬೇಡಿ. ನೆಲ ಬಿಡುವಾಗ ಎಂಜಿನ್ನಿನ ಬಲ ರಾಕೆಟ್ಟಿನ ತೂಕದ ಒಂದೂವರೆ ಪಟ್ಟಿನ ಆಸುಪಾಸಿನಲ್ಲಿದ್ದರೆ ಹಿತ.

ಪ್ರಶ್ನೆ: ನಮ್ಮ ಚಂದ್ರಯಾನ-3 ಚಂದ್ರನನ್ನು ಮುಟ್ಟಲು ನಲವತ್ತು ದಿನ ತೆಗೆದುಕೊಂಡಿತು. ನನ್ನ ಮಗ ಈ ಆಟದಲ್ಲಿ ‘ಮುನ್’ ಎಂಬ ಚಂದ್ರನಿಗೆ ಒಂದೇ ದಿನದಲ್ಲಿ ಹೋಗುತ್ತಾನೆ. ಆಟ ಸುಳ್ಳು ಹೇಳುತ್ತಿದೆಯೇ? (ಪ್ರೌಢಶಾಲಾ ಶಿಕ್ಷಕಿ, ಮೈಸೂರು)

ಆಟ ಅಳತೆಯನ್ನು ಕುಗ್ಗಿಸಿದೆ, ನಿಯಮವನ್ನು ಬದಲಿಸಿಲ್ಲ. ಕರ್ಬಿನ್‌ನ ತ್ರಿಜ್ಯ 600 ಕಿಲೋಮೀಟರ್, ಅಂದರೆ ಭೂಮಿಯ ಹತ್ತನೇ ಒಂದು ಭಾಗಕ್ಕಿಂತಲೂ ಕಡಿಮೆ. ನಮ್ಮ ಚಂದ್ರ ಸರಾಸರಿ 3,84,400 ಕಿಲೋಮೀಟರ್ ದೂರದಲ್ಲಿದ್ದರೆ ಮುನ್ ಇರುವುದು 12,000 ಕಿಲೋಮೀಟರ್ ದೂರದಲ್ಲಿ. ಹಾಗಾಗಿ ಆಟದ ಗಡಿಯಾರದಲ್ಲಿ ಸುಮಾರು ಏಳು ಗಂಟೆಗಳಲ್ಲಿ ಅಲ್ಲಿಗೆ ತಲುಪಬಹುದು.

ಆದರೆ ನಿಮ್ಮ ಪ್ರಶ್ನೆಯ ಒಳಗೆ ಇನ್ನೊಂದು ಒಳ್ಳೆಯ ಪ್ರಶ್ನೆ ಅಡಗಿದೆ. ಅಪೋಲೋ-11 ಕೂಡ ನಿಜವಾದ ಚಂದ್ರನಿಗೇ ಹೋಯಿತು, 1969ರ ಜುಲೈ 16ರಂದು ಹೊರಟು 19ರಂದೇ ಚಂದ್ರನ ಕಕ್ಷೆ ಸೇರಿತು. ನಮಗೇಕೆ ಅಷ್ಟು ದಿನ? 2023ರ ಜುಲೈ 14ರಂದು ಶ್ರೀಹರಿಕೋಟದಿಂದ ಹೊರಟ ಎಲ್‌ವಿಎಂ-3 ರಾಕೆಟ್, 3,900 ಕಿಲೋಗ್ರಾಂ ತೂಕದ ನೌಕೆಯನ್ನು ಹತ್ತಿರದಲ್ಲಿ ಸುಮಾರು 170 ಕಿಲೋಮೀಟರ್, ದೂರದಲ್ಲಿ ಸುಮಾರು 36,500 ಕಿಲೋಮೀಟರ್ ಇರುವ ಉದ್ದನೆಯ ಕಕ್ಷೆಯಲ್ಲಿ ಬಿಟ್ಟುಕೊಟ್ಟಿತು. ಅಲ್ಲಿಂದ ಮುಂದಿನ ಕೆಲಸ ನೌಕೆಯದೇ ಪುಟ್ಟ ಎಂಜಿನ್ನಿನದು. ಅದರ ಬಲ ಕೇವಲ 440 ನ್ಯೂಟನ್. ಅಷ್ಟು ಬಲದಿಂದ ಅಷ್ಟು ಭಾರವನ್ನು ತಳ್ಳಿದರೆ ಸೆಕೆಂಡಿಗೆ ಸುಮಾರು 11 ಸೆಂಟಿಮೀಟರ್‌ನಷ್ಟು ಮಾತ್ರ ವೇಗ ಕೂಡುತ್ತದೆ. ಚಂದ್ರನ ದಾರಿ ಹಿಡಿಯಲು ಬೇಕಾದ ಹೆಚ್ಚುವರಿ ವೇಗವನ್ನು ಒಂದೇ ಉಸಿರಿನಲ್ಲಿ ಪಡೆಯಬೇಕಾದರೆ ಒಂದೂವರೆ ಗಂಟೆಯಷ್ಟು ಹೊತ್ತು ಉರಿಸಬೇಕಾಗುತ್ತಿತ್ತು.

ಉರಿಸಿದರೆ ಏನು ನಷ್ಟ? ಉಯ್ಯಾಲೆ ತೂಗುವವರಿಗೆ ಇದು ಗೊತ್ತು. ಉಯ್ಯಾಲೆ ಕೆಳಗೆ ರಭಸದಿಂದ ಸಾಗುವಾಗ ಜೊತೆಗೆ ಓಡಿ ಕೊಟ್ಟ ತಳ್ಳು ಅದನ್ನು ಎತ್ತರಕ್ಕೆ ಒಯ್ಯುತ್ತದೆ, ತುದಿಯಲ್ಲಿ ನಿಂತಂತಾದಾಗ ಕೊಟ್ಟ ತಳ್ಳು ಬಹುಮಟ್ಟಿಗೆ ವ್ಯರ್ಥ. ಚಂದ್ರಯಾನದ ಆ ಮೊದಲ ಕಕ್ಷೆಯಲ್ಲಿ ನೌಕೆಯ ವೇಗ ಭೂಮಿಯ ಹತ್ತಿರ ಸೆಕೆಂಡಿಗೆ 10 ಕಿಲೋಮೀಟರ್ ದಾಟಿದ್ದರೆ, ದೂರದ ತುದಿಯಲ್ಲಿ 1.6 ಕಿಲೋಮೀಟರ್ ಮಾತ್ರ. ಒಂದೇ ಲೋಟ ಇಂಧನವನ್ನು ಹತ್ತಿರದಲ್ಲಿ ಸುಟ್ಟಾಗ ದಕ್ಕುವ ಶಕ್ತಿ ದೂರದಲ್ಲಿ ಸುಟ್ಟಾಗ ದಕ್ಕುವುದರ ಹಲವು ಪಟ್ಟು. ಆದ್ದರಿಂದ ಬೆಂಗಳೂರಿನಿಂದ ನೌಕೆಯನ್ನು ನಿಯಂತ್ರಿಸುತ್ತಿದ್ದವರು ಹೆಚ್ಚಾಗಿ ಅದು ಭೂಮಿಯ ಸಮೀಪಕ್ಕೆ ಬಂದಾಗಲೇ ಕೆಲವು ನಿಮಿಷ ಎಂಜಿನ್ ಉರಿಸಿ, ಹೀಗೆ ಐದು ಸಲ ಕಕ್ಷೆಯನ್ನು ಹಿಗ್ಗಿಸಿ, ಆಗಸ್ಟ್ 1ರಂದು ಚಂದ್ರನತ್ತ ತಿರುಗಿಸಿದರು. ಆಗಸ್ಟ್ 5ರಂದು ಅದು ಚಂದ್ರನ ಕಕ್ಷೆ ಸೇರಿತು, 23ರ ಸಂಜೆ ಇಳಿಯಿತು.

ನಿಮ್ಮ ಮಗನಿಗೆ ಇದನ್ನು ಪಾಠವಾಗಿ ಹೇಳುವುದಕ್ಕಿಂತ ಪರೀಕ್ಷೆಯಾಗಿ ಕೊಡಿ. ಆಟದಲ್ಲಿ ‘ನರ್ವ್’ ಎಂಬ ಪರಮಾಣು ಎಂಜಿನ್ ಇದೆ, ಇಂಧನದ ಮಿತವ್ಯಯದಲ್ಲಿ ಅದಕ್ಕೆ ಸಾಟಿಯಾದವು ಕಡಿಮೆ, ಆದರೆ ಬಲ ಬರೀ 60 ಕಿಲೋನ್ಯೂಟನ್. ದೊಡ್ಡ ನೌಕೆಗೆ ಅದೊಂದನ್ನೇ ಕಟ್ಟಿ, ಹತ್ತು ನಿಮಿಷದ ಉರಿಯನ್ನು ಒಮ್ಮೆಗೇ ಮಾಡಿ ನೋಡಲಿ, ಇನ್ನೊಮ್ಮೆ ಮೂರು ಸುತ್ತಿಗೆ ಹಂಚಿ ನೋಡಲಿ. ಎರಡು ಸಲವೂ ಟ್ಯಾಂಕಿನಲ್ಲಿ ಉಳಿದ ಇಂಧನವನ್ನು ಅವನೇ ಬರೆದುಕೊಳ್ಳಲಿ.

ಪ್ರಶ್ನೆ: ಮೊದಲು ಮುನ್‌ಗೆ ಹೋಗಬೇಕೇ, ಮಿನ್‌ಮಸ್‌ಗೆ ಹೋಗಬೇಕೇ? (ಓದುಗರು, ಶಿವಮೊಗ್ಗ)

ಮಿನ್‌ಮಸ್‌ಗೆ. ಕರ್ಬಿನ್‌ನ ಈ ಎರಡನೆಯ, ಪುಟ್ಟ ಚಂದ್ರ ಮುನ್‌ಗಿಂತ ನಾಲ್ಕು ಪಟ್ಟು ದೂರವಿದೆ ಎಂದು ಎಲ್ಲರೂ ಹೆದರುತ್ತಾರೆ, ಆದರೆ ಬಾಹ್ಯಾಕಾಶದಲ್ಲಿ ದೂರಕ್ಕೆ ತೆರಬೇಕಾದ ಬೆಲೆ ಅತ್ಯಲ್ಪ. ಕರ್ಬಿನ್ ಕಕ್ಷೆಯಿಂದ ಮುನ್‌ನತ್ತ ಹೊರಡಲು ಸೆಕೆಂಡಿಗೆ 860 ಮೀಟರ್ ಡೆಲ್ಟಾ-ವಿ ಬೇಕಾದರೆ ಮಿನ್‌ಮಸ್‌ನತ್ತ ಹೊರಡಲು ಸುಮಾರು 930 ಸಾಕು. ನಿಜವಾದ ಖರ್ಚಿರುವುದು ಇಳಿಯುವುದರಲ್ಲಿ. ಮುನ್‌ನ ಕಕ್ಷೆಯಿಂದ ನೆಲಕ್ಕಿಳಿಯಲು 580 ಬೇಕು, ಮಿನ್‌ಮಸ್‌ನಲ್ಲಿ 180 ಸಾಕು, ಏಕೆಂದರೆ ಅಲ್ಲಿನ ಗುರುತ್ವ ಕರ್ಬಿನ್‌ನ ಇಪ್ಪತ್ತನೇ ಒಂದು ಭಾಗ. ಮೇಲಾಗಿ ಅಲ್ಲಿ ಕೆರೆಯ ನೀರು ಹೆಪ್ಪುಗಟ್ಟಿದಂತಿರುವ ಸಮತಟ್ಟಾದ ಬಯಲುಗಳಿವೆ. ಒಂದೇ ತೊಡಕೆಂದರೆ ಮಿನ್‌ಮಸ್‌ನ ಕಕ್ಷೆ 6 ಡಿಗ್ರಿ ಓರೆಯಾಗಿದೆ, ಹೊರಡುವ ಮುನ್ನ ನಿಮ್ಮ ಕಕ್ಷೆಯನ್ನೂ ಅಷ್ಟೇ ಓರೆ ಮಾಡಿಕೊಳ್ಳಿ. ಇಂಧನ ಮುಗಿದು ಸಿಕ್ಕಿಬಿದ್ದರೂ ಹೆದರಬೇಡಿ, ಅಲ್ಲಿ ಒಬ್ಬ ಕರ್ಬಲ್ ಬೆನ್ನಿನ ಜೆಟ್‌ಪ್ಯಾಕ್ ಒಂದರಿಂದಲೇ ಕಕ್ಷೆಗೆ ಏರಬಲ್ಲ.

ಮುನ್‌ಗೇ ಹೋಗುವ ಹಟವಿದ್ದರೆ ಹಳೆಯ ಆಟಗಾರರ ಒಂದು ಗುಟ್ಟು ಕೇಳಿ: ಕೆಳಗಿನ ಕಕ್ಷೆಯಲ್ಲಿ ಸುತ್ತುತ್ತಿರುವಾಗ ಕ್ಷಿತಿಜದಲ್ಲಿ ಮುನ್ ಉದಯಿಸಿದ ಗಳಿಗೆಯಲ್ಲಿ ಮುಂದಕ್ಕೆ ಉರಿಸಿದರೆ, ಲೆಕ್ಕವಿಲ್ಲದೆಯೂ ಅದರ ಹತ್ತಿರ ಹೋಗಿ ಸೇರುತ್ತೀರಿ.

ಪ್ರಶ್ನೆ: ಎರಡು ನೌಕೆಗಳನ್ನು ಜೋಡಿಸಲು ಹೋದಾಗಲೆಲ್ಲ ಮುಂದಿನ ನೌಕೆ ದೂರವಾಗುತ್ತದೆ. ಅದರ ಕಡೆಗೆ ಮೂತಿ ಮಾಡಿ ಎಂಜಿನ್ ಉರಿಸಿದಷ್ಟೂ ಅದು ಓಡಿಹೋಗುತ್ತದೆ. (ಓದುಗರು, ಬೆಂಗಳೂರು)

ಈ ತಪ್ಪನ್ನು ನಿಜವಾದ ಗಗನಯಾತ್ರಿಯೇ ಮಾಡಿದ್ದಾರೆ ಎಂದರೆ ತಮಗೆ ಸಮಾಧಾನವಾದೀತು. 1965ರ ಜೂನ್‌ನಲ್ಲಿ ಅಮೆರಿಕದ ಜೆಮಿನಿ-4 ನೌಕೆಯ ಜೇಮ್ಸ್ ಮೆಕ್‌ಡಿವಿಟ್ ತಮ್ಮದೇ ರಾಕೆಟ್ಟಿನ ಖಾಲಿ ಹಂತದ ಬಳಿ ಹೋಗಲು ಅದರತ್ತ ತಿರುಗಿ ಉರಿಸಿದರು, ಇಂಧನ ಕರಗಿತೇ ಹೊರತು ಅದು ಕೈಗೆ ಸಿಗಲಿಲ್ಲ, ಪ್ರಯತ್ನವನ್ನು ಕೈಬಿಡಬೇಕಾಯಿತು. ಮುಂದಕ್ಕೆ ಉರಿಸಿದಾಗ ನಿಮ್ಮ ಕಕ್ಷೆ ಹಿಗ್ಗುತ್ತದೆ, ಹಿಗ್ಗಿದ ಕಕ್ಷೆಯ ಸುತ್ತು ನಿಧಾನ. ಮುಂದಿರುವುದನ್ನು ಹಿಡಿಯಬೇಕಾದರೆ ಹಿಮ್ಮುಖವಾಗಿ ಉರಿಸಿ ಕೆಳಗಿನ ಕಕ್ಷೆಗೆ ಇಳಿಯಬೇಕು. ಓಟದ ಕಣದಲ್ಲಿ ಒಳಗಿನ ಪಟ್ಟಿ ಹಿಡಿದವನು ಮುಂದೆ ಬರುವಂತೆ ನೀವು ಮುಂದೆ ಬರುತ್ತೀರಿ.

ಹತ್ತಿರ ಬಂದ ಮೇಲೆ ವೇಗದ ಅಂಕಿಯ ಮೇಲೆ ಒತ್ತಿ ಅದನ್ನು ‘ಟಾರ್ಗೆಟ್’ ಸ್ಥಿತಿಗೆ ತನ್ನಿ. ಕೆಲವು ನೂರು ಮೀಟರ್ ದೂರದಲ್ಲಿ ಪರಸ್ಪರ ವೇಗವನ್ನು ಸೊನ್ನೆ ಮಾಡಿ ನಿಲ್ಲಿ, ಆಮೇಲೆ ಸೆಕೆಂಡಿಗೆ ಒಂದು ಮೀಟರ್‌ಗೂ ಕಡಿಮೆ ವೇಗದಲ್ಲಿ ಸಮೀಪಿಸಿ. ಸರಿಯೆನಿಸದಿದ್ದರೆ ಹಿಂದೆ ಸರಿಯಲು ನಾಚಬೇಡಿ. ಇಸ್ರೋದ ಸ್ಪೇಡೆಕ್ಸ್ ಜೋಡಿ ಉಪಗ್ರಹಗಳು 2025ರ ಜನವರಿ 12ರಂದು 15 ಮೀಟರ್, ಬಳಿಕ 3 ಮೀಟರ್ ಅಂತರಕ್ಕೆ ಬಂದು, ಸುರಕ್ಷಿತ ದೂರಕ್ಕೆ ಹಿಂದೆ ಸರಿದು, 16ರಂದು ಜೋಡಣೆಯಾದವು.

ಪ್ರಶ್ನೆ: ‘ಆಸ್ಪರಾಗಸ್’ ರಾಕೆಟ್ ಎಂದು ಆಟಗಾರರು ಹೇಳುವುದೇನು? (ಓದುಗರು, ಮಂಗಳೂರು)

ನಮ್ಮ ಶತಾವರಿಯ ಕುಲಕ್ಕೆ ಸೇರಿದ ತರಕಾರಿಯ ಹೆಸರದು, ಗೊಂಚಲಾಗಿ ನಿಂತ ಟ್ಯಾಂಕುಗಳಿಗೆ ಆಟಗಾರರು ಇಟ್ಟದ್ದು. ನಡುವಿನ ಟ್ಯಾಂಕಿನ ಸುತ್ತ ಆರು ಟ್ಯಾಂಕುಗಳಿವೆ ಎನ್ನಿ. ಎಲ್ಲಕ್ಕೂ ಎಂಜಿನ್ ಇದೆ, ಎಲ್ಲವೂ ಒಟ್ಟಿಗೇ ಉರಿಯುತ್ತವೆ. ಆದರೆ ಇಂಧನದ ಕೊಳವೆಗಳನ್ನು ಹೇಗೆ ಜೋಡಿಸಿರುತ್ತಾರೆಂದರೆ ಮೊದಲ ಜೋಡಿಯ ಇಂಧನ ಎರಡನೆಯ ಜೋಡಿಗೆ, ಅದರದು ಮೂರನೆಯದಕ್ಕೆ, ಅಲ್ಲಿಂದ ನಡುವಿಗೆ ಹರಿಯುತ್ತದೆ. ಪರಿಣಾಮವಾಗಿ ಒಂದು ಜೋಡಿ ಬೇಗ ಖಾಲಿಯಾಗಿ ಕಳಚಿಬೀಳುವಾಗ ಉಳಿದವೆಲ್ಲ ತುಂಬಿಯೇ ಇರುತ್ತವೆ, ಖಾಲಿ ಪೀಪಾಯಿ ಹೊರುವ ದಂಡವೂ ಇಲ್ಲ, ಸುಮ್ಮನೆ ಕುಳಿತ ಎಂಜಿನ್ನೂ ಇಲ್ಲ. ವಾಸ್ತವದಲ್ಲಿ ಇದು ಕಾಗದದ ಮೇಲೆ ಕಾಣುವಷ್ಟು ಸುಲಭವಲ್ಲ. ಫಾಲ್ಕನ್ ಹೆವಿ ರಾಕೆಟ್ಟಿಗೆ ಇಂತಹ ಇಂಧನ ಹರಿವನ್ನು ಮೊದಲು ಯೋಜಿಸಿ, ಬಳಿಕ ಕೈಬಿಡಲಾಯಿತು. ಆಟದಲ್ಲೂ ಅತಿಯಾಗಿ ಬಳಸಿದರೆ ರಾಕೆಟ್ ಅಗಲವಾಗಿ, ಗಾಳಿಯ ತಡೆಗೆ ಸಿಕ್ಕಿ ತೂರಾಡುತ್ತದೆ. ಎರಡು ಜೋಡಿಗೆ ನಿಲ್ಲಿಸುವುದು ನನ್ನ ರೂಢಿ.

ಪ್ರಶ್ನೆ: ಕ್ರಾಕೆನ್ ಎಂದರೇನು? ಆಟದಲ್ಲಿ ಅಡಗಿರುವ ಇತರ ಸಂಗತಿಗಳನ್ನೂ ತಿಳಿಸಿ. (ಕನ್ನಡಿಗ ಓದುಗರು, ದುಬೈ)

ಉತ್ತರ ಯೂರೋಪಿನ ನಾವಿಕರ ಕತೆಗಳಲ್ಲಿ ಹಡಗು ನುಂಗುವ ಕಡಲ ರಾಕ್ಷಸನಿಗೆ ಕ್ರಾಕೆನ್ ಎಂಬ ಹೆಸರು. ಆಟದ ಆರಂಭದ ದಿನಗಳಲ್ಲಿ ದೂರ ಹೋದ ನೌಕೆಗಳು ಯಾವ ಕಾರಣವೂ ಇಲ್ಲದೆ ನಡುಗಿ ಚೂರುಚೂರಾಗುತ್ತಿದ್ದವು, ಆಟಗಾರರು ಅದನ್ನು ಈ ರಾಕ್ಷಸನ ಲೆಕ್ಕಕ್ಕೆ ಬರೆದರು. ನಿಜವಾದ ಅಪರಾಧಿ ಅಂಕಗಣಿತ. ಗಣಕವು ಪ್ರತಿ ಬಿಡಿಭಾಗದ ಸ್ಥಾನವನ್ನು ಸುಮಾರು ಏಳು ಅಂಕಿಗಳ ನಿಖರತೆಯಲ್ಲಿ ಮಾತ್ರ ನೆನಪಿಡುತ್ತದೆ. ಮೂಲಬಿಂದುವಿನ, ಅಂದರೆ ಅಳತೆ ಶುರುವಾಗುವ ಜಾಗದ, ಬಳಿ ಅದು ಧಾರಾಳವಾಯಿತು, ಆದರೆ ಸಾವಿರ ಕಿಲೋಮೀಟರ್ ಆಚೆ ಆರು ಸೆಂಟಿಮೀಟರ್‌ಗಿಂತ ಸಣ್ಣ ಅಂತರವನ್ನು ಗುರುತಿಸಲಾರದು. ಬಿಡಿಭಾಗಗಳು ಅತ್ತಿತ್ತ ನೆಗೆದಂತೆ ತೋರಿ, ಬೆಸುಗೆ ಹರಿಯಿತೆಂದು ಆಟವೇ ತೀರ್ಮಾನಿಸಿ ನೌಕೆಯನ್ನು ಒಡೆಯುತ್ತಿತ್ತು. ತಯಾರಕರು ಕಂಡುಕೊಂಡ ಪರಿಹಾರ ಸೊಗಸಾಗಿದೆ: ನೌಕೆಯನ್ನು ಮೂಲಬಿಂದುವಿನಲ್ಲಿಯೇ ನಿಲ್ಲಿಸಿ, ಅದರ ಸುತ್ತ ವಿಶ್ವವನ್ನೇ ಸರಿಸತೊಡಗಿದರು.

ಆ ರಾಕ್ಷಸನಿಗೊಂದು ಸಮಾಧಿಯೂ ಇದೆ. ಜೂಲ್ ಎಂಬ ದೈತ್ಯ ಹಸಿರು ಗ್ರಹದ ಬಾಪ್ ಎಂಬ ಉಪಗ್ರಹದಲ್ಲಿ ಸತ್ತ ಕ್ರಾಕೆನ್ ಬಿದ್ದಿದೆ. ಅದೇ ಜೂಲ್‌ನ ಇನ್ನೊಂದು ಉಪಗ್ರಹ ವಾಲ್‌ನಲ್ಲಿ ವೃತ್ತಾಕಾರವಾಗಿ ನಿಲ್ಲಿಸಿದ ಕಲ್ಲುಗಳಿವೆ, ಮುನ್‌ನಲ್ಲಿ ಬೃಹತ್ ಕಲ್ಲಿನ ಕಮಾನುಗಳಿವೆ. ಮುನ್‌ನಲ್ಲಿಯೇ ನೀಲ್ ಆರ್ಮ್‌ಸ್ಟ್ರಾಂಗ್ ಅವರ ನೆನಪಿನ ಫಲಕವೊಂದಿದೆ. ಇವುಗಳ ಸ್ಥಳವನ್ನು ಇಲ್ಲಿ ಬರೆದುಕೊಟ್ಟು ನಿಮ್ಮ ಹುಡುಕಾಟವನ್ನು ಕೆಡಿಸುವ ಇಚ್ಛೆ ನನಗಿಲ್ಲ. ಕಮಾನುಗಳನ್ನು ಮಾತ್ರ ಕೆಳಗಿನ ಕಕ್ಷೆಯಿಂದ, ಸೂರ್ಯ ಓರೆಯಾಗಿ ನೆರಳು ಉದ್ದ ಬಿದ್ದಿರುವಾಗ ಹುಡುಕಿ. ಇಳಿಯುವ ಮುನ್ನ ಎಫ್5 ಒತ್ತಿ ಉಳಿಸಿಕೊಳ್ಳಿ, ಕೆಟ್ಟರೆ ಎಫ್9 ಅನ್ನು ಒತ್ತಿ ಹಿಡಿದು ಮರಳಿ.

ಪ್ರಶ್ನೆ: ಮೊದಲ ಭಾಗ ಕೊಳ್ಳಲೇ, ಎರಡನೆಯದೇ? (ಓದುಗರು, ಹಾಸನ)

ಮೊದಲನೆಯದು. ಎರಡನೆಯದು 2023ರ ಫೆಬ್ರವರಿಯಲ್ಲಿ ಅಪೂರ್ಣ ಆವೃತ್ತಿಯಾಗಿ ಮಾರಾಟಕ್ಕೆ ಬಂದು, ಪೂರ್ಣಗೊಳ್ಳದೆ ನಿಂತಿದೆ.