ಪ್ರಾಸ್ಟೇಟ್ ಬಯಾಪ್ಸಿಲಿ ಇನ್‌ಫೆಕ್ಷನ್ ಭಯ ಯಾವ ವಿಧಾನದಲ್ಲಿ ಕಮ್ಮಿ?

ನಿಮ್ಮ ತಂದೆಯವರಿಗೆ ಪಿಎಸ್‌ಎ (ಪ್ರಾಸ್ಟೇಟ್ ಗ್ರಂಥಿಗೆ ಮಾಡೋ ರಕ್ತಪರೀಕ್ಷೆ) ಜಾಸ್ತಿ ಬಂದು ಬಯಾಪ್ಸಿ ಹೇಳಿದಾರೆ, ಸೋಂಕಾಗತ್ತಾ ಅಂತ ಕೇಳಿದೀರಿ. ಸೂಜಿ ಯಾವ ದಾರಿಲಿ ಹೋಗತ್ತೆ ಅನ್ನೋದೇ ಇಲ್ಲಿ ಮುಖ್ಯ.

ಹಳೇ ವಿಧಾನದಲ್ಲಿ ಗುದದ್ವಾರದೊಳಗೆ ಅಲ್ಟ್ರಾಸೌಂಡ್ ಪ್ರೋಬ್ ಇಟ್ಟು ಮಲ ಇರೋ ಕರುಳಿನ ಗೋಡೆಯನ್ನೇ ಚುಚ್ಚಿ ಹತ್ತು ಹನ್ನೆರಡು ಚೂರು ತೆಗೀತಾರೆ, ಅಂದ್ರೆ ಪ್ರತಿ ಸಲ ಸೂಜಿ ಒಳಗೆ ಹೋದಾಗಲೂ ಅಲ್ಲಿರೋ ಇ. ಕೊಲಿ ಬ್ಯಾಕ್ಟೀರಿಯಾ ಅದರ ಜೊತೆ ಪ್ರಾಸ್ಟೇಟ್‌ಗೋ ರಕ್ತಕ್ಕೋ ಸೇರಬಹುದು. ಮುಂಚೆ ಸಿಪ್ರೋಫ್ಲಾಕ್ಸಸಿನ್ ಅನ್ನೋ ಆ್ಯಂಟಿಬಯಾಟಿಕ್ ಮಾತ್ರೆ ಕೊಟ್ರೆ ಸಾಕಾಗ್ತಿತ್ತು, ಈಗ ನಮ್ಮ ದೇಶದಲ್ಲಿ ಅದಕ್ಕೆ ಬಗ್ಗದ ಇ. ಕೊಲಿ ತುಂಬಾ ಇದೆ, ನನಗೆ ನಿಜಕ್ಕೂ ಚಿಂತೆ ಆಗೋದು ಇದೇ.

ಇನ್ನೊಂದು ಟ್ರಾನ್ಸ್‌ಪೆರಿನಿಯಲ್. ಪ್ರೋಬ್ ಅಲ್ಲೇ ಇರತ್ತೆ, ಆದ್ರೆ ಸೂಜಿ ವೃಷಣ ಮತ್ತು ಗುದದ್ವಾರದ ನಡುವಿನ ಚರ್ಮದಿಂದ ಹೋಗತ್ತೆ, ಚರ್ಮವನ್ನ ಚೆನ್ನಾಗಿ ಕ್ಲೀನ್ ಮಾಡಬಹುದು, ಕರುಳನ್ನ ಆಗಲ್ಲ. ಅಮೆರಿಕದ ಪ್ರಿವೆಂಟ್ ಟ್ರಯಲ್‌ನಲ್ಲಿ (2024) ಆ್ಯಂಟಿಬಯಾಟಿಕ್ ಇಲ್ಲದೇ ಹೀಗೆ ಮಾಡಿದವರಲ್ಲಿ ಒಬ್ರಿಗೂ ಸೋಂಕಾಗಲಿಲ್ಲ, ಗುದದ ಮೂಲಕ ಮಾಡಿದವರಲ್ಲಿ ಕಲ್ಚರ್ (ಬ್ಯಾಕ್ಟೀರಿಯಾ ಬೆಳೆಸಿ ಯಾವ ಔಷಧಿಗೆ ಬಗ್ಗತ್ತೆ ಅಂತ ನೋಡೋ ಪರೀಕ್ಷೆ) ನೋಡಿ ಔಷಧಿ ಕೊಟ್ಟಿದ್ರೂ 4 ಜನಕ್ಕೆ, ಅಂದ್ರೆ ಶೇ. 1.4, ಆಯ್ತು. ವ್ಯತ್ಯಾಸ ದೊಡ್ಡದಲ್ಲ, ಆದ್ರೂ ಯುರೋಪಿನ ಯೂರಾಲಜಿ ಸಂಘದ ಮಾರ್ಗಸೂಚಿ ಟ್ರಾನ್ಸ್‌ಪೆರಿನಿಯಲ್ ವಿಧಾನವನ್ನೇ ಮೊದಲ ಆಯ್ಕೆ ಅನ್ನತ್ತೆ.

ನಿಮ್ಮೂರಲ್ಲಿ ಹಳೇದೇ ಸಿಗೋದಾದ್ರೆ ಹೆದರಿ ಬಯಾಪ್ಸಿ ಬಿಡಬೇಡಿ. ಮೊದಲೇ ರೆಕ್ಟಲ್ ಸ್ವಾಬ್ (ಗುದದೊಳಗಿಂದ ಹತ್ತಿ ಕಡ್ಡಿಲಿ ತೆಗೆಯೋ ಸ್ಯಾಂಪಲ್) ಕಲ್ಚರ್ ಮಾಡಿಸ್ತೀರಾ, ಪೊವಿಡೋನ್ ಅಯೋಡಿನ್‌ನಿಂದ ಒಳಗೆ ಕ್ಲೀನ್ ಮಾಡ್ತೀರಾ ಅಂತ ಡಾಕ್ಟರನ್ನ ಕೇಳಿ. ಶುಗರ್ ಇದ್ರೆ, ಇತ್ತೀಚೆಗೆ ಆ್ಯಂಟಿಬಯಾಟಿಕ್ ತಗೊಂಡಿದ್ರೆ ತಪ್ಪದೇ ಹೇಳಿ. ಆಮೇಲೆ ಚಳಿ ಜ್ವರ ಬಂದ್ರೆ ಡೋಲೋ ನುಂಗಿ ಮಲಗೋದಲ್ಲ, ರಾತ್ರಿ ಎರಡು ಗಂಟೆ ಆಗಿದ್ರೂ ಆಸ್ಪತ್ರೆಗೆ ಕರ್ಕೊಂಡು ಹೋಗಿ.