ಮನೆಯ ಬಲ್ಬ್‌ಗಳನ್ನೆಲ್ಲ ಎಲ್‌ಇಡಿಗೆ ಬದಲಿಸಬೇಕಾ?

ಪ್ರಶ್ನೆ: ನಿಟ್ಟುವಳ್ಳಿಯಲ್ಲಿ ನಮ್ಮದು ಹಳೇ ಮನೆ. ಐದು ಕಡೆ 60 ವ್ಯಾಟ್‌ನ ಹಳದಿ ಬಲ್ಬ್ ಇವೆ. ಎರಡು ಸಿಎಫ್‌ಎಲ್ ಇವೆ. ಹಾಲ್‌ನಲ್ಲಿ ಚೋಕ್ ಇರುವ ಟ್ಯೂಬ್‌ಲೈಟ್. ಎಲ್ಲ ತೆಗೆಸಿ ಎಲ್‌ಇಡಿ ಹಾಕಿಸೋಣ ಅಂತ ಮಗ ಹೇಳುತ್ತಾನೆ. ಗೃಹಜ್ಯೋತಿಯಿಂದ ಬಿಲ್ ಸೊನ್ನೆ ಬರುತ್ತಿರುವಾಗ ಸುಮ್ನೆ ಯಾಕೆ ಖರ್ಚು ಅಂತ ನನಗೆ. ಪಕ್ಕದ ಮನೆಯವರ ಎಲ್‌ಇಡಿ ಬೇರೆ ಆರೇ ತಿಂಗಳಿಗೆ ಕೆಟ್ಟಿತು. ಏನು ಮಾಡಲಿ?
– ಗೃಹಿಣಿ, ದಾವಣಗೆರೆ

ಉತ್ತರ: ಹಳದಿ ಬಲ್ಬ್‌ಗಳನ್ನು ಈ ವಾರವೇ ಬದಲಿಸಿ. ಟ್ಯೂಬ್‌ಲೈಟ್ ಆಮೇಲೆ ನೋಡೋಣ. ಸಿಎಫ್‌ಎಲ್ ಕೆಡುವವರೆಗೂ ಉರಿಯಲಿ.

ಯಾಕೆ ಅಂದರೆ, ಹಳದಿ ಬಲ್ಬ್ ಎಳೆಯುವ ಕರೆಂಟ್‌ನಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಪಾಲು ಶಾಖವಾಗಿ ಹೋಗುತ್ತದೆ. ಬೆಳಕಿಗೆ ಸಿಗುವುದು ಸ್ವಲ್ಪವೇ. 60 ವ್ಯಾಟ್‌ನ ಒಂದು ಬಲ್ಬ್ ದಿನಕ್ಕೆ ಐದು ಗಂಟೆ ಉರಿದರೆ ತಿಂಗಳಿಗೆ 9 ಯೂನಿಟ್. ಅಷ್ಟೇ ಬೆಳಕು ಕೊಡುವ 9 ವ್ಯಾಟ್‌ನ ಎಲ್‌ಇಡಿಗೆ ಒಂದೂವರೆ ಯೂನಿಟ್ ಕೂಡ ಬೇಡ. ಐದು ಬಲ್ಬ್ ಸೇರಿ ತಿಂಗಳಿಗೆ ಸುಮಾರು 38 ಯೂನಿಟ್ ಉಳಿಯುತ್ತದೆ. 15 ವ್ಯಾಟ್‌ನ ಸಿಎಫ್‌ಎಲ್ ತೆಗೆದು 9 ವ್ಯಾಟ್‌ನ ಎಲ್‌ಇಡಿ ಹಾಕಿದರೆ ಉಳಿಯುವುದು ತಿಂಗಳಿಗೆ ಒಂದು ಯೂನಿಟ್‌ಗಿಂತ ಕಡಿಮೆ. ಚೆನ್ನಾಗಿ ಉರಿಯುತ್ತಿರುವುದನ್ನು ಅಷ್ಟಕ್ಕಾಗಿ ಎಸೆಯಬೇಡಿ. ಟ್ಯೂಬ್‌ಲೈಟ್ ವಿಷಯ ಬೇರೆ. ಹಳೇ ಚೋಕ್ ಸೇರಿದರೆ ಅದು 50 ವ್ಯಾಟ್‌ನ ಹತ್ತಿರ ಎಳೆಯುತ್ತದೆ. 20 ವ್ಯಾಟ್‌ನ ಎಲ್‌ಇಡಿ ಟ್ಯೂಬ್ ಹಾಕಿದರೆ ತಿಂಗಳಿಗೆ ನಾಲ್ಕೈದು ಯೂನಿಟ್ ಉಳಿತಾಯ.

ಬಿಲ್ ಸೊನ್ನೆ ಇರುವಾಗ ಇದೆಲ್ಲ ಯಾಕೆ ಅನ್ನುವ ನಿಮ್ಮ ಮಾತು ನ್ಯಾಯವೇ. ಮಿತಿಯೊಳಗೆ ಇರುವ ತಿಂಗಳಲ್ಲಿ ನಿಮ್ಮ ಕೈಗೆ ಒಂದು ರೂಪಾಯಿಯೂ ಉಳಿಯುವುದಿಲ್ಲ. ಆದರೆ ಗೃಹಜ್ಯೋತಿಯಲ್ಲಿ ಪ್ರತಿ ಮನೆಗೂ ಇಂತಿಷ್ಟು ಯೂನಿಟ್ ಅಂತ ನಿಗದಿ ಇದೆ. ಅದನ್ನು ದಾಟಿದರೆ ಹೆಚ್ಚಿನದಕ್ಕೆ ದುಡ್ಡು ಕಟ್ಟಬೇಕು. 200 ದಾಟಿದರೆ ಪೂರ್ತಿ ಬಿಲ್ ನಿಮ್ಮ ಮೇಲೆಯೇ. ದಾವಣಗೆರೆಯ ಏಪ್ರಿಲ್ ಬಿಸಿಲಲ್ಲಿ ಫ್ಯಾನ್, ಕೂಲರ್ ನಿಲ್ಲಿಸುವ ಹಾಗಿಲ್ಲ ಅಲ್ವಾ? 38 ಯೂನಿಟ್ ಅಂದರೆ 75 ವ್ಯಾಟ್‌ನ ಫ್ಯಾನ್ 500 ಗಂಟೆ ತಿರುಗುವಷ್ಟು ಕರೆಂಟ್. ಮನೆಯಲ್ಲಿ ಯುಪಿಎಸ್ ಇದ್ದರಂತೂ ಲಾಭ ಕಣ್ಣಿಗೇ ಕಾಣುತ್ತದೆ. ಕರೆಂಟ್ ಹೋದಾಗ ಬ್ಯಾಟರಿ ಎಷ್ಟೋ ಹೆಚ್ಚು ಹೊತ್ತು ಬರುತ್ತದೆ.

ಪಕ್ಕದ ಮನೆಯವರ ಬಲ್ಬ್ ವಿಷಯಕ್ಕೆ ಬರುತ್ತೇನೆ. ಎಲ್‌ಇಡಿಯಲ್ಲಿ ಬೆಳಕು ಕೊಡುವ ಚಿಪ್ ಬೇಗ ಸಾಯುವುದು ಕಡಿಮೆ. ಹೆಚ್ಚಾಗಿ ಸಾಯುವುದು ಬುಡದಲ್ಲಿರುವ ಡ್ರೈವರ್ ಅನ್ನುವ ಸಣ್ಣ ಸರ್ಕ್ಯೂಟ್. ಅದಕ್ಕೆ ಶಾಖ ಆಗಿಬರುವುದಿಲ್ಲ. ಗಾಳಿಯಾಡದ ಗಾಜಿನ ಗ್ಲೋಬ್‌ನೊಳಗೆ ಹಾಕಿದರೆ, ಇಲ್ಲವೇ ವೋಲ್ಟೇಜ್ ಪದೇಪದೇ ಏರಿಳಿದರೆ ಬೇಗ ಕೆಡುತ್ತದೆ. ಬಿಲ್ ಕೊಡದೆ ಮಾರುವ ಅಗ್ಗದ ಬಲ್ಬ್‌ಗಳಲ್ಲಿ ಈ ಡ್ರೈವರ್‌ನಲ್ಲೇ ಕಾಸು ಉಳಿಸಿರುತ್ತಾರೆ. ದಯವಿಟ್ಟು ಅವನ್ನು ತರಬೇಡಿ. ಡಬ್ಬದ ಮೇಲೆ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಗುರುತಿನ ಜೊತೆ ‘ಆರ್’ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇರಬೇಕು. ವ್ಯಾಟ್ ಮಾತ್ರ ನೋಡಬೇಡಿ, ಲುಮೆನ್ ನೋಡಿ. ಬೆಳಕು ಎಷ್ಟು ಅಂತ ಹೇಳುವುದು ಅದು. 60 ವ್ಯಾಟ್‌ನ ಹಳದಿ ಬಲ್ಬ್‌ನ ಜಾಗಕ್ಕೆ 800 ಲುಮೆನ್ ಸಾಕು. ವಾರಂಟಿ ಇರುವುದನ್ನೇ ಕೊಂಡು ಬಿಲ್ಲನ್ನು ಡಬ್ಬದೊಳಗೇ ಇಡಿ. ಎಷ್ಟೋ ಜನ ಬಿಲ್ ಕಳೆದುಕೊಂಡು, ಬದಲಿಗೆ ಸಿಗಬೇಕಾದ ಬಲ್ಬನ್ನು ಮತ್ತೆ ದುಡ್ಡು ಕೊಟ್ಟು ತರುತ್ತಾರೆ.

ಬೆಳಕಿನ ಬಣ್ಣದ ಅಳತೆ ಕೆಲ್ವಿನ್. ಮಲಗುವ ಕೋಣೆಗೆ 2700ರಿಂದ 3000 ಕೆಲ್ವಿನ್‌ನ ಹಳದಿ ಛಾಯೆಯ ಬೆಳಕು ಹಾಕಿಸಿ. 6500 ಕೆಲ್ವಿನ್‌ನ ಬಿಳಿ ಬೆಳಕು ಅಡುಗೆಮನೆಗೆ, ಓದುವ ಮೇಜಿಗೆ ಸರಿ. ರಾತ್ರಿ ಹೊತ್ತು ಅದು ನಿದ್ದೆ ಕೆಡಿಸುತ್ತದೆ. ಹಳೇ ಮನೆ ಅಂದಿರಿ, ಹಾಗಾಗಿ ಇನ್ನೊಂದು ಮಾತು. ಸ್ವಿಚ್ ಆರಿಸಿದ ಮೇಲೂ ಎಲ್‌ಇಡಿ ಮಿಣಮಿಣ ಅನ್ನುತ್ತಿದ್ದರೆ, ಸ್ವಿಚ್ಚನ್ನು ಫೇಸ್ (ಕರೆಂಟ್ ಬರುವ ತಂತಿ) ಬದಲು ನ್ಯೂಟ್ರಲ್ (ಕರೆಂಟ್ ವಾಪಸ್ ಹೋಗುವ) ತಂತಿಗೆ ಕೊಟ್ಟಿರಬಹುದು. ಆಗ ಸ್ವಿಚ್ ಆರಿಸಿದರೂ ಹೋಲ್ಡರ್‌ನಲ್ಲಿ ಕರೆಂಟ್ ಇರುತ್ತದೆ. ಎಲೆಕ್ಟ್ರಿಷಿಯನ್ ಕರೆಸಿ ತಕ್ಷಣ ಸರಿ ಮಾಡಿಸಿ.

ಪ್ರಶ್ನೆ: ಹಿರಿಯೂರು ಹತ್ತಿರ ಕೋಳಿ ಸಾಕುತ್ತೇನೆ. ಮರಿಗಳ ಶೆಡ್‌ಗೂ ಎಲ್‌ಇಡಿ ಹಾಕಬಹುದಾ ಸಾರ್?
– ರೈತ, ಚಿತ್ರದುರ್ಗ ಜಿಲ್ಲೆ

ಉತ್ತರ: ಬೇಡ. ಮರಿಗಳಿಗೆ ಬಲ್ಬ್ ಹಾಕುವುದೇ ಕಾವಿಗೆ. ಮೊದಲ ವಾರ ಅವುಗಳಿಗೆ 32ರಿಂದ 35 ಡಿಗ್ರಿ ಸೆಲ್ಸಿಯಸ್ ಬಿಸಿ ಬೇಕು. ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸಬಹುದು. ಎಲ್‌ಇಡಿಯಲ್ಲಿ ಆ ಕಾವು ಸಿಗುವುದಿಲ್ಲ. ಮರಿಗಳು ಒಂದರ ಮೇಲೊಂದು ಬಿದ್ದು ಉಸಿರುಗಟ್ಟಿ ಸಾಯುತ್ತವೆ. ಅಲ್ಲಿ ಹಳದಿ ಬಲ್ಬ್ ಅಥವಾ ಇನ್‌ಫ್ರಾರೆಡ್ ಬಲ್ಬ್ ಇರಲಿ. ಕಾವು ಬೇಡದ ದೊಡ್ಡ ಕೋಳಿಗಳ ಶೆಡ್‌ಗೆ ಧಾರಾಳವಾಗಿ ಎಲ್‌ಇಡಿ ಹಾಕಿ.

ಪ್ರಶ್ನೆ: ಸಿಎಫ್‌ಎಲ್ ಒಡೆದರೆ ವಿಷ ಅಂತಾರೆ, ನಿಜವಾ?
– ವಿದ್ಯಾರ್ಥಿನಿ, ಹರಿಹರ

ಉತ್ತರ: ಅದರೊಳಗೆ ಕೆಲವೇ ಮಿಲಿಗ್ರಾಂ ಪಾದರಸ ಇರುತ್ತದೆ. ಗಾಬರಿ ಬೇಡ, ಅಸಡ್ಡೆಯೂ ಬೇಡ. ಒಡೆದರೆ ಮಕ್ಕಳನ್ನು ಹೊರಗೆ ಕಳಿಸಿ, ಫ್ಯಾನ್ ಆರಿಸಿ, ಕಿಟಕಿ ತೆಗೆದು ಹತ್ತು ಹದಿನೈದು ನಿಮಿಷ ಬಿಡಿ. ಪೊರಕೆಯಿಂದ ಗುಡಿಸಬೇಡಿ. ದಪ್ಪ ರಟ್ಟಿನಿಂದ ಚೂರು ಬಾಚಿ, ಉಳಿದ ಪುಡಿಯನ್ನು ಒದ್ದೆ ಕಾಗದದಿಂದ ಒರೆಸಿ. ಎಲ್ಲವನ್ನೂ ಮುಚ್ಚಳವಿರುವ ಡಬ್ಬಿಗೆ ಹಾಕಿ. ಕೆಟ್ಟ ಸಿಎಫ್‌ಎಲ್, ಟ್ಯೂಬ್‌ಲೈಟ್ ಕಾನೂನಿನ ಪ್ರಕಾರ ಇ-ತ್ಯಾಜ್ಯ. ಕಸದ ಗಾಡಿ ಬಂದಾಗ ಹಸಿ ಕಸದ ಜೊತೆ ಸೇರಿಸದೆ, ಏನು ಅಂತ ಹೇಳಿ ಬೇರೆಯಾಗಿ ಕೊಡಿ.