ಕೆಂಪು ಪುಸ್ತಕ ಬಂದಾಯ್ತು, ಊಟ ಇನ್ನೂ ಬಾಕಿ

ತಂಗಿ, ನಿನ್ನ ಪತ್ರ ಓದಿ ನಗು ಬಂತು. ಶಾಂಘೈಗೆ ಬಂದು ಎರಡು ತಿಂಗಳಾಗಿಲ್ಲ, ಆಗಲೇ ತಲೆ ಕೆಡಿಸಿಕೊಂಡಿದ್ದೀಯ. ಪಕ್ಕದ ಸೀಟಿನ ಹುಡುಗಿ ಅರ್ಧ ದಿನ ರಜೆ ಹಾಕಿದಳು, ಮಧ್ಯಾಹ್ನ ಜೀನ್ಸ್‌ನಲ್ಲೇ ವಾಪಸ್ ಬಂದು ಒಂದು ಕೆಂಪು ಪುಸ್ತಕ ತೋರಿಸಿ "ಮದುವೆ ಆಯ್ತು" ಅಂದಳು, ಊಟ ಮಾತ್ರ ಅಕ್ಟೋಬರ್‌ಗಂತೆ. "ಅಪ್ಪ ಅಮ್ಮನಿಗೆ ಇಲ್ಲಿ ಬೆಲೆಯೇ ಇಲ್ವಾ ಅಕ್ಕಾ?" ಅಂತ ಕೇಳಿದ್ದೀಯ.

ಇದೆ. ಆದರೆ ಮಂಟಪದಲ್ಲಿಲ್ಲ, ಬೇರೆ ಕಡೆ ಇದೆ.

ಇಲ್ಲಿ ಆ ಕೆಂಪು ಪುಸ್ತಕವೇ, ಅಂದರೆ ಮದುವೆ ನೋಂದಣಿ ಪತ್ರವೇ ಮದುವೆ. ಕಚೇರಿಗೆ ಹೋಗಿ ಸಹಿ ಹಾಕಿದರೆ ಮುಗೀತು. ಗಂಡಿಗೆ 22, ಹೆಣ್ಣಿಗೆ 20 ತುಂಬಿರಬೇಕು, ಅಷ್ಟೆ. ಮೊದಲು ಹುಕೋ ಪುಸ್ತಕವನ್ನೂ ತೋರಿಸಬೇಕಿತ್ತು. ಹುಕೋ ಅಂದರೆ ನಮ್ಮ ರೇಷನ್ ಕಾರ್ಡಿನ ದೊಡ್ಡಣ್ಣ ಅಂತಿಟ್ಟುಕೋ. ಅದು ಸಾಮಾನ್ಯವಾಗಿ ಅಮ್ಮನ ಬೀರುವಿನಲ್ಲಿರುತ್ತದೆ. ಹುಡುಗ ಹಿಡಿಸಲಿಲ್ಲವಾ, ಬೀರುವಿಗೆ ಬೀಗ! ನನ್ನ ಗೆಳತಿಯೊಬ್ಬಳು ಬ್ಯಾಂಕ್ ಕೆಲಸಕ್ಕೆ ಬೇಕು ಅಂತ ಸುಳ್ಳು ಹೇಳಿ ಈಸಿಕೊಂಡು ಹೋಗಿ ಮದುವೆಯಾದಳು. 2025ರ ಮೇ ತಿಂಗಳಿಂದ ಆ ಪುಸ್ತಕ ಬೇಡ. ಯಾವ ಊರಲ್ಲಾದರೂ ನೋಂದಾಯಿಸಬಹುದು.

ನಾನು ಮೊದಲು ಬಾಡಿಗೆಗಿದ್ದ ಮನೆಯ ಒಡತಿಯನ್ನು ಆಯೀ ಅಂತ ಕರೆಯುತ್ತಿದ್ದೆ. (ಇಲ್ಲಿ ಅದು ಚಿಕ್ಕಮ್ಮ, ಧಾರವಾಡದ ಕಡೆ ಅಜ್ಜಿ. ನನಗೆ ಎರಡೂ ಆದರು.) ಅವರ ತಾಯಿಯನ್ನು ಚಿಕ್ಕವಳಿದ್ದಾಗಲೇ ಯಾರದೋ ಮನೆಗೆ ಮುಂದಿನ ಸೊಸೆ ಅಂತ ಕಳಿಸಿದ್ದರಂತೆ. 1950ರಲ್ಲಿ ಹೊಸ ಮದುವೆ ಕಾನೂನು ಬಂತು. ಮನೆಯವರು ಬಲವಂತವಾಗಿ ಮದುವೆ ಮಾಡುವುದು, ಎರಡನೇ ಹೆಂಡತಿ, ಹೀಗೆ ಮಗುವನ್ನು ಸೊಸೆಯಾಗಿ ಕೊಡುವುದು, ಎಲ್ಲಕ್ಕೂ ಅದು ತಡೆ ಹಾಕಿತು. ತಾಯಿ ಆ ಮನೆ ಬಿಟ್ಟು ಬಂದರು. ಆಯೀ ಹತ್ತಿ ಮಿಲ್ಲಿನಲ್ಲಿದ್ದರು, ನಮ್ಮ ದಾವಣಗೆರೆಯವರ ಹಾಗೆ. 1983ರಲ್ಲಿ ಅವರ ಮದುವೆಗೆ ಮಿಲ್ಲಿನವರು ಪತ್ರ ಕೊಡಬೇಕಿತ್ತು. ಅಪ್ಪನ ಬದಲು ಮಿಲ್ಲಿನ ಮುಖ್ಯಸ್ಥ! ಆ ಪತ್ರದ ಕಾಟ ತಪ್ಪಿದ್ದು 2003ರಲ್ಲಿ.

ಇಷ್ಟೆಲ್ಲ ಕಂಡ ಆಯೀ ಒಂದು ಭಾನುವಾರ ನನ್ನನ್ನು ಪೀಪಲ್ಸ್ ಪಾರ್ಕಿಗೆ ಕರೆದುಕೊಂಡು ಹೋದರು. ಛತ್ರಿ ಬಿಚ್ಚಿ ನೆಲದ ಮೇಲಿಟ್ಟು, ಅದಕ್ಕೊಂದು ಹಾಳೆ ಸಿಕ್ಕಿಸಿದರು. ಮಗ ಹುಟ್ಟಿದ ವರ್ಷ, ಎತ್ತರ, ಸಂಬಳ, ಶಾಂಘೈ ಹುಕೋ, ಸ್ವಂತ ಫ್ಲಾಟ್. ಸುತ್ತಲೂ ಅಂಥವೇ ಛತ್ರಿಗಳು, ಪಕ್ಕದಲ್ಲಿ ಮಡಚುವ ಸ್ಟೂಲಿನ ಮೇಲೆ ಅಪ್ಪ ಅಮ್ಮಂದಿರು. ಮಗನಿಗೆ ಗೊತ್ತೇ ಇರಲಿಲ್ಲ. "ಇರೋನು ಒಬ್ಬನೇ" ಅಂದರು ಆಯೀ. ಒಂದೇ ಮಗುವಿನ ಕಾಲದವರು ಅಲ್ವಾ.

ಆ ಹಾಳೆಯಲ್ಲಿ ದೊಡ್ಡ ಅಕ್ಷರದಲ್ಲಿದ್ದದ್ದು ಫ್ಲಾಟ್. ಕಾನೂನು ಮಕ್ಕಳನ್ನು ಮನೆಯವರ ಕೈಯಿಂದ ಬಿಡಿಸಿತು. ಮನೆಯ ರೇಟು ಮತ್ತೆ ಅವರ ಕೈಗೇ ಕೊಟ್ಟಿತು. ಗಂಡಿನ ಅಪ್ಪ ಅಮ್ಮ ಜೀವಮಾನದ ಉಳಿತಾಯ ಸುರಿಯದೆ ಇಲ್ಲಿ ಫ್ಲಾಟ್ ಆಗುವುದು ಕಷ್ಟ. 2011ರಲ್ಲಿ ಇಲ್ಲಿನ ಸುಪ್ರೀಂ ಕೋರ್ಟು, ಅಪ್ಪ ಅಮ್ಮ ತಮ್ಮ ಮಗುವಿನ ಹೆಸರಿಗೇ ಕೊಂಡುಕೊಟ್ಟ ಮನೆ ಆ ಮಗುವಿಗೆ ಮಾತ್ರ ಅಂತ ಹೇಳಿತು. ಹುಡುಗಿಯರು ಗಲಾಟೆ ಮಾಡದೆ ಇರುತ್ತಾರಾ? "ಮನೆ ಪತ್ರದಲ್ಲಿ ನನ್ನ ಹೆಸರೂ ಹಾಕಿಸು" ಅನ್ನುವ ಜಗಳ ಇವತ್ತಿಗೂ ಕಿವಿಗೆ ಬೀಳುತ್ತದೆ. 2025ರ ಹೊಸ ನಿಯಮದಲ್ಲಿ, ಗಂಡ ಹೆಂಡತಿ ಬೇರೆಯಾದರೆ, ಮದುವೆ ಎಷ್ಟು ವರ್ಷ ನಡೆಯಿತು, ಮಕ್ಕಳಿದ್ದಾರಾ, ತಪ್ಪು ಯಾರದು ಅಂತಲೂ ನೋಡಿ, ಇನ್ನೊಬ್ಬರಿಗೆ ಪರಿಹಾರ ಕೊಡಿಸಬಹುದು.

ಇದರ ಮೇಲೆ ತ್ಸಾಯ್‌ಲೀ ಬೇರೆ. ವರದಕ್ಷಿಣೆ ಅಂತ ತಿಳಿಯಬೇಡ, ಇದು ಉಲ್ಟಾ. ನಮ್ಮಲ್ಲಿ ಹಿಂದೆ ತೆರ ಅಂತ ಹೆಣ್ಣಿನ ಮನೆಗೆ ಕೊಡುತ್ತಿದ್ದರಲ್ಲ, ಅದೇ. ಹಳ್ಳಿ ಕಡೆ ಜಾಸ್ತಿ. ನೋಂದಣಿಯೇ ಆಗದಿದ್ದರೆ ಹಣ ವಾಪಸ್ ಕೇಳಬಹುದು. ಕೆಲವೇ ದಿನ ಸಂಸಾರ ಮಾಡಿ ಬಿಟ್ಟರೂ ಕೋರ್ಟು ಒಂದು ಪಾಲು ಕೊಡಿಸಬಹುದು ಅಂತ 2024ರಲ್ಲಿ ನಿಯಮ ಮಾಡಿದರು.

ವಿಚ್ಛೇದನವೂ ಮೊದಲು ಇಷ್ಟೇ ಸಲೀಸಿತ್ತು. 2021ರಿಂದ ಇಬ್ಬರೂ ಒಪ್ಪಿ ಅರ್ಜಿ ಹಾಕಿದರೂ 30 ದಿನ ಕಾಯಬೇಕು. ಅಷ್ಟರೊಳಗೆ ಒಬ್ಬರು ಬೇಡ ಅಂದರೆ ಅರ್ಜಿ ಬಿದ್ದುಹೋಗುತ್ತದೆ. ಸಿಟ್ಟು ಆರಲಿ ಅನ್ನುವುದು ಸರ್ಕಾರದ ಲೆಕ್ಕ. ಹೊಡೆಸಿಕೊಳ್ಳುವವಳಿಗೆ 30 ದಿನ ಅಂದರೇನು? ಕೋರ್ಟಿನ ದಾರಿ ಬೇರೆ ಇದೆ ನಿಜ, ಅದು ಇನ್ನೂ ಉದ್ದ. ನನಗೆ ಈ ನಿಯಮ ಒಪ್ಪಿಗೆಯಿಲ್ಲ. ಮದುವೆಗಳಂತೂ 2024ರ ಹೊತ್ತಿಗೂ ಹೆಚ್ಚಿರಲಿಲ್ಲ. 2013ರಲ್ಲಿ 1.34 ಕೋಟಿಗೂ ಹೆಚ್ಚು ಜೋಡಿ ನೋಂದಾಯಿಸಿದ್ದರು, 2024ರಲ್ಲಿ ಸುಮಾರು 61 ಲಕ್ಷ. ಆಯೀ ಮಗ ಇನ್ನೂ ಒಬ್ಬನೇ ಇದ್ದಾನೆ, ಆ ಫ್ಲಾಟಿನಲ್ಲಿ ಎರಡು ಬೆಕ್ಕು ಸಾಕಿಕೊಂಡು.

ಇನ್ನು ನಿನ್ನ ನಿಜವಾದ ಚಿಂತೆ, ಮುಯ್ಯಿ ಎಷ್ಟು ಅನ್ನೋದು. ಆಫೀಸಿನ ಉಳಿದವರನ್ನು ಕೇಳಿ ಅಷ್ಟೇ ಹಾಕು. ಹೊಸ ನೋಟು, ಕೆಂಪು ಲಕೋಟೆ. ಬಾಗಿಲಲ್ಲೇ ಹೆಸರು ಮೊತ್ತ ಬರೆದುಕೊಳ್ಳುತ್ತಾರೆ, ಥೇಟ್ ನಮ್ಮೂರ ಹಾಗೆ. ಆದರೆ ಐನೂರಾ ಒಂದು, ಸಾವಿರದ ಒಂದು ಅಂತ ಹಾಕಬೇಡ ಮಾರಾಯ್ತಿ, ಇಲ್ಲಿ ಮದುವೆಗೆ ಸಮಸಂಖ್ಯೆಯೇ ಆಗಬೇಕು. ಹಾಗಂತ ನಾಲ್ಕು ಮಾತ್ರ ಬೇಡ, ಅದರ ಉಚ್ಚಾರ ಸಾವಿನ ಹಾಗೆ ಕೇಳಿಸುತ್ತದೆ. ನಾನು ಮೊದಲ ಸಲ 401 ಹಾಕಿದ್ದೆ.